ಅಂಗಾಲಿನ ಹೆದೆ: ಬಿಡದ ಹಿಮ್ಮಡಿ ನೋವನ್ನು ನೀವಿ, ಎಳೆದು ತಗ್ಗಿಸುವ ಬಗೆ

ಒಲೆಯ ಮೇಲೆ ಇಟ್ಟಿಗೆ ಕಾಯುತ್ತಿತ್ತು. ಪಕ್ಕದಲ್ಲಿ ಹಿತ್ತಲ ಬೇಲಿಯಿಂದ ಕಿತ್ತು ತಂದ ಐದಾರು ಎಕ್ಕದ ಎಲೆ, ಒಂದು ಬಟ್ಟಲು ಹರಳೆಣ್ಣೆ. ಕಾದ ಇಟ್ಟಿಗೆಯನ್ನು ಇಕ್ಕಳದಲ್ಲಿ ಹಿಡಿದು ನೆಲಕ್ಕಿಳಿಸಿದ ಅತ್ತೆ ಅದರ ಮೇಲೆ ಎಲೆ ಹಾಸಿ, ಎಣ್ಣೆ ಸವರಿ, "ಹಿಮ್ಮಡಿ ಇಡು. ತಡೆಯುವಷ್ಟು ಹೊತ್ತು ಇಡು, ಸುಡುತ್ತದೆ ಅನ್ನಿಸಿದರೆ ಎತ್ತು" ಎಂದರು. ಎಲೆ ಚುರುಗುಟ್ಟಿತು. ಅರ್ಧ ಗಂಟೆ ಹೀಗೆ ಕಾವು ತೆಗೆದುಕೊಂಡು, ಅದೇ ಎಣ್ಣೆಯಲ್ಲಿ ಅಂಗಾಲು ನೀವಿಸಿಕೊಂಡು ಎದ್ದು ನಡೆದರೆ ನೋವೇ ಇಲ್ಲ. ಆರು ತಿಂಗಳಿನಿಂದ ತರಗತಿಯಲ್ಲಿ ಒಂದು ಕಾಲಿನ ಮೇಲೆ ಭಾರ ಹಾಕಿ ಪಾಠ ಮಾಡುತ್ತಿದ್ದ ನಾನು ಅಂದು ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಬೆಳಗ್ಗೆ ಐದೂವರೆಗೆ ಮಂಚದಿಂದ ಇಳಿದು ಕಾಲೂರಿದೆ. ಹಿಮ್ಮಡಿಗೆ ಮೊಳೆ ಹೊಡೆದಂತಾಗಿ ಗೋಡೆ ಹಿಡಿದು ನಿಂತೆ.

ಸಂಜೆ ಹೋದ ನೋವು ಬೆಳಗ್ಗೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದ ಮೇಲೆಯೇ ನನ್ನ ಹಿಮ್ಮಡಿ ಗುಣದ ದಾರಿ ಹಿಡಿದದ್ದು. ನೀವುವುದು, ಒತ್ತುವುದು, ಎಳೆಯುವುದು ಎಲ್ಲವನ್ನೂ ನಾವು 'ಮಸಾಜು, ವ್ಯಾಯಾಮ' ಎಂದು ಒಂದೇ ಗಂಟಿಗೆ ಕಟ್ಟುತ್ತೇವೆ. ಆದರೆ ಒಂದೊಂದೂ ಮಾಡುವ ಕೆಲಸ ಬೇರೆ. ಯಾವುದು ಏನು ಮಾಡುತ್ತದೆ ಎಂದು ಗೊತ್ತಿಲ್ಲದೆ ವರ್ಷಗಟ್ಟಲೆ ಎಣ್ಣೆ ತಿಕ್ಕಿಕೊಂಡವರು ನನ್ನ ಸುತ್ತಲೇ ಹತ್ತಾರು ಜನ ಇದ್ದಾರೆ.

ಬಿಲ್ಲು ಮತ್ತು ಹೆದೆ

ಹಿಮ್ಮಡಿ ನೋವಿಗೆ ಹಲವು ಕಾರಣಗಳಿವೆ. ಆಣಿ, ಒಡಕು ಕಣ್ಣಿಗೆ ಕಾಣುವಂಥವು, ಅವುಗಳ ಮಾತು ಇಲ್ಲಿ ಬೇಡ. ಹೊರಗೆ ಏನೂ ಕಾಣದೆ, ಹಿಮ್ಮಡಿಯ ತಳದಲ್ಲಿ, ಒಳಮಗ್ಗುಲಿಗೆ ಕೊಂಚ ಮುಂದಕ್ಕೆ, ಬೆರಳಿಟ್ಟರೆ 'ಅಯ್ಯೋ ಅಲ್ಲೇ' ಎನ್ನುವಂತೆ ನೋಯುತ್ತಿದ್ದರೆ ಅದು ಹೆಚ್ಚಾಗಿ ಅಂಗಾಲಿನ ಪಟ್ಟಿಯ ತೊಂದರೆ. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯೈಟಿಸ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ನಲವತ್ತು ದಾಟಿದವರಲ್ಲಿ, ದಿನವಿಡೀ ನಿಂತು ದುಡಿಯುವವರಲ್ಲಿ, ಮೈ ತೂಕ ಏರಿದವರಲ್ಲಿ, ಇದ್ದಕ್ಕಿದ್ದಂತೆ ಓಟ ಶುರು ಮಾಡಿದವರಲ್ಲಿ ಇದು ಹೆಚ್ಚು.

ನಮ್ಮ ಪಾದ ಒಂದು ಬಿಲ್ಲು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಮೂಳೆಗಳು ಕಮಾನಿನಂತೆ ಬಾಗಿವೆ. ಆ ಬಿಲ್ಲಿನ ಎರಡು ತುದಿಗಳನ್ನು ಸೇರಿಸಿ ಬಿಗಿದಿರುವ ಹೆದೆಯೇ ಈ ಪಟ್ಟಿ. ಹಿಮ್ಮಡಿ ಮೂಳೆಯ ತಳದಲ್ಲಿ ಹುಟ್ಟಿ, ಬೀಸಣಿಗೆಯಂತೆ ಅಗಲವಾಗುತ್ತಾ ಐದೂ ಬೆರಳುಗಳ ಬುಡಕ್ಕೆ ಅಂಟಿಕೊಳ್ಳುತ್ತದೆ. ಇದು ಮಾಂಸಖಂಡವಲ್ಲ. ಕೊಲಾಜನ್ ಎಂಬ ನಾರಿನಿಂದ ಹೆಣೆದ ಹುರಿ. ರಬ್ಬರಿನಂತೆ ಹಿಗ್ಗುವುದಿಲ್ಲ, ಸಣಬಿನ ಹಗ್ಗದಂತೆ ಜಗ್ಗಿ ನಿಲ್ಲುತ್ತದೆ. ನಿಂತಾಗ ಮೈಭಾರ ಕಮಾನನ್ನು ಚಪ್ಪಟೆ ಮಾಡಲು ನೋಡುತ್ತದೆ, ಹೆದೆ ಅದನ್ನು ತಡೆಯುತ್ತದೆ.

ಓದುವುದನ್ನು ನಿಲ್ಲಿಸಿ ಒಂದು ಸಣ್ಣ ಪ್ರಯೋಗ ಮಾಡಿ. ಪಾದವನ್ನು ನೆಲಕ್ಕೂರಿ ಕುಳಿತು, ಬೇರೆ ಏನನ್ನೂ ಅಲುಗಿಸದೆ, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆ ಎತ್ತಿ. ಕಮಾನು ತಾನಾಗಿ ಏರುವುದು ಕಾಣುತ್ತದೆ. ಅಂಗಾಲಿನ ಒಳಮಗ್ಗುಲಲ್ಲಿ ಇನ್ನೊಂದು ಕೈಯ ಬೆರಳಿಟ್ಟರೆ ತಂತಿಯಂತೆ ಬಿಗಿದ ಒಂದು ಎಳೆ ಸಿಗುತ್ತದೆ. ಅದೇ ಆ ಪಟ್ಟಿ. ಬೆರಳು ಮೇಲೆದ್ದಾಗ ಬೆರಳ ಬುಡದ ಕೀಲಿನ ಸುತ್ತ ಪಟ್ಟಿ ಸುತ್ತಿಕೊಂಡು ಎಳೆಯಲ್ಪಡುತ್ತದೆ, ಹಡಗಿನಲ್ಲಿ ಲಂಗರಿನ ಹಗ್ಗವನ್ನು ಉರುಳೆಗೆ ಸುತ್ತಿ ಎಳೆಯುವ ಹಾಗೆ. ಜೆ. ಎಚ್. ಹಿಕ್ಸ್ ಎಂಬವರು 1954ರಲ್ಲೇ ಇದನ್ನು ವಿವರಿಸಿದರು. ನಡೆಯುವಾಗ ಪ್ರತಿ ಹೆಜ್ಜೆಯ ಕೊನೆಯಲ್ಲಿ, ಹಿಮ್ಮಡಿ ಎತ್ತಿ ಬೆರಳ ಮೇಲೆ ಬಂದಾಗ, ಇದೇ ನಡೆಯುತ್ತದೆ. ದಿನಕ್ಕೆ ಐದು ಸಾವಿರ ಹೆಜ್ಜೆ ಹಾಕುವವರ ಒಂದೊಂದು ಪಾದದಲ್ಲಿ ಈ ಹೆದೆ ಎರಡೂವರೆ ಸಾವಿರ ಸಲ ಬಿಗಿದು ಸಡಿಲಾಗುತ್ತದೆ. ಆ ಪ್ರಯೋಗವನ್ನು ಮರೆಯಬೇಡಿ, ಮುಂದೆ ಹೇಳುವ ಎಳೆತವೂ ಹಿಮ್ಮಡಿ ಎತ್ತುವ ವ್ಯಾಯಾಮವೂ ಅದರ ಮೇಲೆಯೇ ನಿಂತಿವೆ.

ಈಗ ಬೆಳಗಿನ ಮೊಳೆಯ ವಿಷಯ. ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡಿರುತ್ತದೆ, ಕಂಬಳಿಯ ಭಾರ ಬೇರೆ. ಆರೇಳು ಗಂಟೆ ಮೀನಖಂಡವೂ ಅಂಗಾಲಿನ ಪಟ್ಟಿಯೂ ಕುಗ್ಗಿದ ಸ್ಥಿತಿಯಲ್ಲೇ ಇದ್ದು ಬಿಗಿಯುತ್ತವೆ. ಎದ್ದ ಕೂಡಲೇ ಇಡೀ ಮೈಭಾರವನ್ನು ಅದರ ಮೇಲೆ ಹಾಕುತ್ತೇವೆ. ಬಳಲಿದ ನಾರು ಒಮ್ಮೆಲೇ ಜಗ್ಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸಡಿಲಾಗಿ ನೋವು ತಗ್ಗುತ್ತದೆ, ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ ಕಥೆ, ದಿನವಿಡೀ ನಿಂತರೆ ಸಂಜೆಗೆ ಮಂದವಾದ ನೋವು. ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಇಳಿಯುವಾಗ ಕಂಬಿ ಹಿಡಿದು ಕುಂಟುತ್ತಾ ಇಳಿಯುತ್ತಿದ್ದ ನನ್ನನ್ನು ನೋಡಿ ಕಂಡಕ್ಟರ್ ಒಬ್ಬರು, "ಹಿಮ್ಮಡಿನಾ ಮೇಡಂ? ನನಗೂ ಇತ್ತು" ಎಂದಿದ್ದರು. ರೋಗನಿರ್ಣಯಕ್ಕೆ ಅಷ್ಟೇ ಸಾಕಿತ್ತು.

ಉರಿಯೂತವಲ್ಲ, ಸವಕಲು

ಹೆಸರಿನ ಕೊನೆಯಲ್ಲಿ 'ಐಟಿಸ್' ಇದ್ದರೆ ಉರಿಯೂತ ಎಂದರ್ಥ. ಹಾಗೆಂದೇ ಬಹಳ ಕಾಲ ಇದನ್ನು ಊತ ಇಳಿಸುವ ಮಾತ್ರೆ ಕೊಟ್ಟು ವಾಸಿ ಮಾಡಲು ನೋಡಿದರು. 2003ರಲ್ಲಿ ಅಮೆರಿಕದ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಉರಿಯೂತವಲ್ಲ. ನಾರುಗಳು ಸವೆದು, ಎಳೆ ಬಿಟ್ಟು, ಅಸ್ತವ್ಯಸ್ತವಾಗಿದ್ದವು. ಸಾಮಾನ್ಯವಾಗಿ ನಾಲ್ಕು ಮಿಲಿಮೀಟರ್‌ಗಿಂತ ತೆಳ್ಳಗಿರಬೇಕಾದ ಪಟ್ಟಿ ನೋವಿರುವವರ ಸ್ಕ್ಯಾನಿಂಗಿನಲ್ಲಿ ಅದಕ್ಕಿಂತ ದಪ್ಪ ಕಾಣುತ್ತದೆ. ಬಾವಿಯ ಹಗ್ಗ ಸವೆದು ಗಂಟುಗಂಟಾಗಿ ಉಬ್ಬಿಕೊಳ್ಳುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ನೋವಿನ ಮಾತ್ರೆ ಕೆಲ ದಿನ ನೋವನ್ನು ಮರೆಸೀತೇ ಹೊರತು ನಾರನ್ನು ಹೆಣೆಯಲಾರದು. ನಾರು ಮತ್ತೆ ಹೆಣೆದುಕೊಳ್ಳಲು ತಿಂಗಳುಗಳು ಬೇಕು, ವಾರದಲ್ಲಿ ವಾಸಿಯಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅವರ ಬಳಿ ಮಾರಲು ಏನೋ ಇದೆ ಎಂದೇ ತಿಳಿಯಬಹುದು.

'ಮೂಳೆ ಬೆಳೆದಿದೆ' ಎನ್ನುವ ಭಯದ ಬಗ್ಗೆ ಎರಡು ಮಾತು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮುಂದೆ ಮುಳ್ಳಿನಂತೆ ಒಂದು ಚೂಪು ಕಂಡರೆ ಸಾಕು, ಅದೇ ಚುಚ್ಚುತ್ತಿದೆ ಎಂದು ನಂಬಿ ನಡೆಯುವುದನ್ನೇ ಬಿಟ್ಟವರಿದ್ದಾರೆ. ಅಂಥ ಮುಳ್ಳು ಒಂದಿಷ್ಟೂ ನೋವಿಲ್ಲದ ಅನೇಕರಲ್ಲಿಯೂ ಇರುತ್ತದೆ. ನೋವಿದ್ದವರು ಗುಣವಾದ ಮೇಲೂ ಎಕ್ಸ್‌ರೇಯಲ್ಲಿ ಅದು ಹಾಗೆಯೇ ಇರುತ್ತದೆ. ಅದನ್ನು ಕರಗಿಸುತ್ತೇವೆ ಎನ್ನುವ ಲೇಪ, ಕಷಾಯಗಳಿಗೆ ದುಡ್ಡು ಸುರಿಯಬೇಕಾಗಿಲ್ಲ.

"ಇಟ್ಟಿಗೆ ಆದ ಮೇಲೆ ಏನು ಮಾಡುತ್ತೀರಿ, ಟೀಚರ್?"

ಕೊನೆಗೆ ನಾನು ಹೋದದ್ದು ನನ್ನಲ್ಲೇ ಎಂಟನೆಯ ತರಗತಿ ಓದಿ, ಈಗ ಫಿಸಿಯೋಥೆರಪಿಸ್ಟ್ ಆಗಿರುವ ಹುಡುಗಿಯ ಬಳಿ. ಅತ್ತೆಯ ಇಟ್ಟಿಗೆಯ ಕಥೆ ಕೇಳಿ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಒಳ್ಳೆಯದೇ. ಇಟ್ಟಿಗೆ ಆದ ಮೇಲೆ ಏನು ಮಾಡುತ್ತೀರಿ, ಟೀಚರ್?" ಎಂದು ಕೇಳಿದಳು. ಮಲಗುತ್ತೇನೆ ಎಂದೆ. "ಅಲ್ಲೇ ತಪ್ಪುತ್ತಿರುವುದು" ಎಂದಳು.

ಅವಳು ಹೇಳಿದ್ದರ ಸಾರ ಇದು. ಎಡವಿ ಬೆರಳಿಗೆ ಪೆಟ್ಟಾದರೆ ನಾವು ಯಾರೂ ಕಲಿಸದೆಯೇ ಅದನ್ನು ಹಿಡಿದು ತೀಡುತ್ತೇವೆ. ತೀಡಿದಾಗ ಸ್ಪರ್ಶದ ಸುದ್ದಿ ಹೊತ್ತ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತವೆ, ಮಿದುಳಿಗೆ ತಲುಪುವ ನೋವು ಕಡಿಮೆಯಾಗುತ್ತದೆ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ 'ಗೇಟ್' ಸಿದ್ಧಾಂತ ಇದೇ. ಮಸಾಜಿನ ಹಿತ ಬಹುಪಾಲು ಈ ಬಗೆಯದು. ಜತೆಗೆ ಬಿಗಿದ ಮಾಂಸಖಂಡ ಸಡಿಲಾಗುತ್ತದೆ, ರಕ್ತ ಓಡಾಡುತ್ತದೆ, ಕಾಲು ಬೆಚ್ಚಗಾಗುತ್ತದೆ.

ಆದರೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಗಾಲಿನ ಪಟ್ಟಿಯನ್ನೇ ಉದ್ದ ಮಾಡುತ್ತೇವೆ, ಗಂಟು ಒಡೆಯುತ್ತೇವೆ ಎನ್ನುವುದು ನಿಜವಲ್ಲ. 2008ರಲ್ಲಿ ಪ್ರಕಟವಾದ ಒಂದು ಗಣಿತದ ಲೆಕ್ಕಾಚಾರದ ಪ್ರಕಾರ ಈ ಪಟ್ಟಿಯ ಆಕಾರವನ್ನು ಶೇ. 1ರಷ್ಟು ಬದಲಿಸಲು ಬೇಕಾದ ಬಲ ಯಾವ ಮನುಷ್ಯನ ಕೈಗೂ ಮೀರಿದ್ದು. ನಿಮ್ಮ ಮೈಯನ್ನು ಪ್ರತಿ ಹೆಜ್ಜೆಯಲ್ಲೂ ಹೊರುವ ಹಗ್ಗ ಎರಡು ಬೆರಳಿಗೆ ಜಗ್ಗಿಬಿಟ್ಟರೆ ನಾವು ನಡೆಯುವುದಾದರೂ ಹೇಗೆ?

ಹಾಗಾದರೆ ಮಸಾಜು ವ್ಯರ್ಥವೇ? ಅಲ್ಲ. ಅದು ನೋವಿಲ್ಲದ ಒಂದಷ್ಟು ಹೊತ್ತನ್ನು ಗಳಿಸಿಕೊಡುತ್ತದೆ. ಆ ಹೊತ್ತಿನಲ್ಲಿ ಪಟ್ಟಿಯನ್ನು ಎಳೆಯಬೇಕು, ಮೀನಖಂಡವನ್ನು ಎಳೆಯಬೇಕು, ಮುಂದೆ ಭಾರವನ್ನೂ ಹೊರಿಸಬೇಕು. ನಾನು ಆ ಹೊತ್ತನ್ನು ನಿದ್ದೆಗೆ ಕೊಡುತ್ತಿದ್ದೆ.

ನೀವುವ ಬಗೆ

ಹಿಮ್ಮಡಿ ನೋಯುತ್ತಿದ್ದರೆ ಕೈ ಮೊದಲು ಹೋಗಬೇಕಾದದ್ದು ಮೀನಖಂಡಕ್ಕೆ. ಮೀನಖಂಡದ ಸ್ನಾಯುಗಳು ಹಿಮ್ಮಡಿಯ ಹಿಂಬದಿಯ ದಪ್ಪ ನರದಂಥ ರಜ್ಜುವಿನ ಮೂಲಕ ಅದೇ ಹಿಮ್ಮಡಿ ಮೂಳೆಗೆ ಅಂಟಿಕೊಂಡಿವೆ. ಮೇಲಿನಿಂದ ಅವು ಬಿಗಿಯಾಗಿ ಎಳೆದರೆ ಕೆಳಗಿನ ಹೆದೆಗೆ ಹೆಚ್ಚು ಸೆಳೆತ. 2011ರಲ್ಲಿ 60 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಬರಿಯ ಎಳೆತದ ವ್ಯಾಯಾಮ ಮಾಡಿದವರಿಗಿಂತ, ಅದರ ಜತೆಗೆ ಮೀನಖಂಡದ ನೋಯುವ ಗಂಟುಗಳನ್ನು ಒತ್ತಿಸಿಕೊಂಡವರಿಗೆ ತಿಂಗಳಲ್ಲಿ ಹೆಚ್ಚು ಆರಾಮ ಸಿಕ್ಕಿತು.

ಕುರ್ಚಿಯಲ್ಲಿ ಕುಳಿತು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಹಾಕಿಕೊಳ್ಳಿ. ಕೈಗೆ ನಾಲ್ಕು ಹನಿ ಎಣ್ಣೆ ಸಾಕು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಎನ್ನುವ ಜಗಳ ನನಗೆ ಅರ್ಥವಾಗಿಲ್ಲ. ಎಣ್ಣೆಯ ಮುಖ್ಯ ಕೆಲಸ ಚರ್ಮ ಉಜ್ಜಿಹೋಗದಂತೆ ನೋಡಿಕೊಳ್ಳುವುದು. ಮೀನಖಂಡದ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ತಡಕುತ್ತಾ ಬನ್ನಿ. ನಡುವೆ ಎಲ್ಲೋ ಒಂದು ಕಡೆ ಹುಣಸೆ ಬೀಜದಷ್ಟು ಗಟ್ಟಿಯಾದ, ಒತ್ತಿದರೆ 'ನೋವು, ಆದರೆ ಹಿತ' ಎನ್ನಿಸುವ ಜಾಗ ಸಿಗುತ್ತದೆ. ಅಲ್ಲಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಒಂದು ನಿಮಿಷ, ಒಂದೂವರೆ ನಿಮಿಷ. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಒತ್ತಡ ಹೆಚ್ಚಾಯಿತು ಎಂದರ್ಥ. ಬೆರಳು ಸೋತರೆ ಅಡುಗೆಮನೆಯ ಲಟ್ಟಣಿಗೆ ಇದೆ. ಮೀನಖಂಡದ ಮೇಲೆ ಚಪಾತಿ ಲಟ್ಟಿಸಿದಂತೆ ಮೇಲಕ್ಕೂ ಕೆಳಕ್ಕೂ ಉರುಳಿಸಬಹುದು. (ನಮ್ಮ ಮನೆಯಲ್ಲಿ ಇದಕ್ಕೆಂದೇ ಈಗ ಬೇರೆ ಲಟ್ಟಣಿಗೆ ಇದೆ. ಇಲ್ಲದಿದ್ದರೆ ಅತ್ತೆ ಅಡುಗೆಮನೆಗೆ ನನ್ನನ್ನು ಬಿಡುತ್ತಿರಲಿಲ್ಲ.)

ಆಮೇಲೆ ಅಂಗಾಲು. ಹೆಬ್ಬೆರಳುಗಳಿಂದ ಬೆರಳ ಬುಡದಿಂದ ಹಿಮ್ಮಡಿಯ ಕಡೆಗೆ ನಿಧಾನವಾಗಿ ಜಾರಿಸಿ, ನಂತರ ಪಟ್ಟಿಗೆ ಅಡ್ಡಡ್ಡ. ಹಿಮ್ಮಡಿಯ ಅತಿ ನೋಯುವ ಬಿಂದುವನ್ನು ಮಾತ್ರ ರುಬ್ಬಬೇಡಿ. 'ನೋವಿದ್ದಲ್ಲಿ ಚೆನ್ನಾಗಿ ಒತ್ತಿದರೆ ಹೋಗುತ್ತದೆ' ಎಂದು ನಂಬಿ ನಾನು ಒಂದು ರಾತ್ರಿ ಚೆಂಡಿನ ಮೇಲೆ ನಿಂತು ಉರುಳಾಡಿ, ಮುಂದಿನ ಮೂರು ದಿನ ಕುಂಟಿದ್ದೇನೆ. ಚೆಂಡು ಬಳಸುವುದಾದರೆ ಕುಳಿತೇ ಬಳಸಿ, ಹಳೆಯ ಟೆನಿಸ್ ಚೆಂಡು ಸಾಕು, ಎರಡು ಮೂರು ನಿಮಿಷ ಸಾಕು. ದಿನವಿಡೀ ನಿಂತು ಸಂಜೆ ಕಾಲು ಉರಿಯುತ್ತಿದ್ದರೆ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿ, ತೆಳು ಬಟ್ಟೆ ಸುತ್ತಿ, ಅದರ ಮೇಲೆ ಅಂಗಾಲು ಉರುಳಿಸಬಹುದು. ಬಿಸಿಯೋ ತಂಪೋ ಎಂದು ಕೇಳಿದರೆ, ಯಾವುದು ಹಿತವೋ ಅದು.

ಒತ್ತಡ ಸರಿ ಇತ್ತೋ ಹೆಚ್ಚಾಯಿತೋ ಎಂದು ತಿಳಿಯುವುದು ಒತ್ತುವಾಗ ಅಲ್ಲ, ಮರುದಿನ ಬೆಳಗ್ಗೆ. ಮೊದಲ ಹೆಜ್ಜೆಯ ನೋವು ಹಿಂದಿನ ದಿನದಷ್ಟೇ ಇದ್ದರೆ ಅಥವಾ ಕಡಿಮೆ ಇದ್ದರೆ ಸರಿ. ಹೆಚ್ಚಿದ್ದರೆ ಹಿಂದಿನ ರಾತ್ರಿ ಅತಿಯಾಯಿತು. ಮಸಾಜಿಗಷ್ಟೇ ಅಲ್ಲ, ಮುಂದೆ ಹೇಳುವ ಎಲ್ಲಕ್ಕೂ ಇದೇ ಅಳತೆಗೋಲು.

ಮಂಚದಿಂದ ಇಳಿಯುವ ಮೊದಲು

ಮೀನಖಂಡ ಎಳೆಯುವುದನ್ನು ಎಲ್ಲರೂ ಹೇಳುತ್ತಾರೆ. ಅಂಗಾಲಿನ ಪಟ್ಟಿಯನ್ನೇ ಗುರಿ ಮಾಡಿ ಎಳೆಯುವುದನ್ನು ಹೇಳುವವರು ಕಡಿಮೆ. ಅಮೆರಿಕದ ಬೆನೆಡಿಕ್ಟ್ ಡಿಜಿಯೊವಾನಿ ಮತ್ತು ತಂಡ ಹತ್ತು ತಿಂಗಳಿಗೂ ಮೀರಿ ನೋವಿದ್ದ 101 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಿಮ್ಮಡಿಯ ರಜ್ಜುವನ್ನು ಎಳೆಯುವ ವ್ಯಾಯಾಮವನ್ನೂ ಇನ್ನೊಂದಕ್ಕೆ ಪಟ್ಟಿಯನ್ನೇ ಎಳೆಯುವ ವ್ಯಾಯಾಮವನ್ನೂ ಕೊಟ್ಟಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಂಟು ವಾರಗಳ ನಂತರ ಪಟ್ಟಿ ಎಳೆದವರೇ ಮುಂದಿದ್ದರು, ಅದರಲ್ಲೂ ಬೆಳಗಿನ ಮೊದಲ ಹೆಜ್ಜೆಯ ನೋವಿನಲ್ಲಿ.

ಮಾಡುವುದು ಸುಲಭ. ಎಚ್ಚರವಾದ ಮೇಲೆ ಕಾಲು ನೆಲಕ್ಕೆ ತಾಗಿಸದೆ ಮಂಚದ ಅಂಚಿನಲ್ಲಿ ಕುಳಿತುಕೊಳ್ಳಿ. ಬಲ ಹಿಮ್ಮಡಿ ನೋಯುತ್ತಿದ್ದರೆ ಬಲಗಾಲನ್ನು ಎಡ ತೊಡೆಯ ಮೇಲೆ ಹಾಕಿ. ಬಲಗೈಯಿಂದ ಐದೂ ಬೆರಳುಗಳ ಬುಡವನ್ನು ಹಿಡಿದು, ತುದಿಯನ್ನಲ್ಲ, ಬುಡವನ್ನು, ಮೊಣಕಾಲಿನ ಕಡೆಗೆ ಹಿಂದಕ್ಕೆ ಬಾಗಿಸಿ. ಅಂಗಾಲಿನಲ್ಲಿ ಬಿಗಿ ಅನ್ನಿಸಬೇಕು. ಎಡಗೈಯ ಹೆಬ್ಬೆರಳಿನಿಂದ ಕಮಾನನ್ನು ಮುಟ್ಟಿ ನೋಡಿ. ಮೊದಲ ಪ್ರಯೋಗದಲ್ಲಿ ಸಿಕ್ಕ ಅದೇ ತಂತಿ ಬಿಗಿದು ನಿಂತಿದ್ದರೆ ಸರಿಯಾಗಿ ಎಳೆದಿದ್ದೀರಿ. ತಂತಿ ಸಿಗದಿದ್ದರೆ ಬರಿಯ ಬೆರಳು ಬಾಗಿದೆ, ಇನ್ನಷ್ಟು ಹಿಂದಕ್ಕೆ ಬರಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ. ಅವರ ಅಧ್ಯಯನದಲ್ಲಿ ದಿನಕ್ಕೆ ಮೂರು ಸಲ ಮಾಡಿಸಿದ್ದರು, ಮೊದಲ ಸಲ ಕಡ್ಡಾಯವಾಗಿ ಬೆಳಗಿನ ಮೊದಲ ಹೆಜ್ಜೆಗೆ ಮುಂಚೆ. ಒಟ್ಟು ಎರಡು ಮೂರು ನಿಮಿಷದ ಕೆಲಸ. ಬಹಳ ಹೊತ್ತು ಕುಳಿತು ಏಳುವ ಮುಂಚೆಯೂ ಮಾಡಬಹುದು. ನಾನು ಉತ್ತರ ಪತ್ರಿಕೆ ತಿದ್ದುವಾಗ ಒಂದು ಕಟ್ಟು ಮುಗಿದ ಮೇಲೆ, ಏಳುವ ಮುಂಚೆ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಮೊದಲು ನಕ್ಕರು, ಆಮೇಲೆ ಇಬ್ಬರು ಕಲಿತುಕೊಂಡರು.

ಮೊದಲ ಹೆಜ್ಜೆಗೆ ಮುಂಚೆ ಎನ್ನುವುದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಹಲ್ಲುಜ್ಜಿ, ಹಾಲು ಕಾಯಿಸಿ, ಬಿಡುವಾದ ಮೇಲೆ ಮಾಡಿದರೆ ಅಷ್ಟು ಹೊತ್ತಿಗೆ ಆ ದಿನದ ಮೊದಲ ಹಾನಿ ಆಗಿಹೋಗಿರುತ್ತದೆ.

ಮೀನಖಂಡವನ್ನು ಎಳೆಯಲು ಗೋಡೆ ಸಾಕು. ಎರಡು ಕೈ ಗೋಡೆಗೆ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಮಂಡಿ ನೆಟ್ಟಗೆ ಇಟ್ಟುಕೊಂಡು ಮುಂದಕ್ಕೆ ವಾಲಿ. ಮೂವತ್ತು ಸೆಕೆಂಡು, ಮೂರು ಸಲ. ಮಂಡಿ ನೆಟ್ಟಗಿದ್ದಾಗ ಮೇಲಿನ ದೊಡ್ಡ ಸ್ನಾಯು ಎಳೆಯಲ್ಪಡುತ್ತದೆ. ಆಮೇಲೆ ಅದೇ ಭಂಗಿಯಲ್ಲಿ ಮಂಡಿ ಕೊಂಚ ಬಗ್ಗಿಸಿದರೆ ಅದರಡಿಯ ಚಪ್ಪಟೆ ಸ್ನಾಯು. ಎರಡೂ ಬೇಕು. ಎಲ್ಲರೂ ತಪ್ಪುವುದು ಎರಡು ಕಡೆ. ಹಿಮ್ಮಡಿ ನೆಲದಿಂದ ಮೇಲೇಳುತ್ತದೆ, ಅಥವಾ ಪಾದ ಹೊರಕ್ಕೆ ತಿರುಗಿ ಕಮಾನು ಒಳಕ್ಕೆ ಕುಸಿಯುತ್ತದೆ. ಪಾದದ ತುದಿ ನೇರವಾಗಿ ಗೋಡೆಯನ್ನು ನೋಡುತ್ತಿರಬೇಕು.

ಹಗ್ಗ ಗಟ್ಟಿಯಾಗಬೇಕಾದರೆ

ಎಳೆತದಿಂದ ನೋವು ಅರ್ಧಕ್ಕಿಳಿಯಿತು. ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆನೇನೋ. ನನ್ನ ಹಳೆಯ ವಿದ್ಯಾರ್ಥಿನಿ ಬಿಡಲಿಲ್ಲ. ನಾರು ಮತ್ತೆ ಸರಿಯಾಗಿ ಹೆಣೆದುಕೊಳ್ಳಲು ಅದಕ್ಕೆ ಭಾರ ಬೀಳಬೇಕು, ಅಳತೆಯಾಗಿ, ನಿಧಾನವಾಗಿ. ಮೈಕೆಲ್ ರಾಥ್ಲೆಫ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 48 ಜನರ ಮೇಲೆ ನಡೆಸಿದ ಪರೀಕ್ಷೆ ಈ ವಿಷಯದಲ್ಲಿ ದಾರಿ ತೋರಿಸಿತು. ಮೂರು ತಿಂಗಳಲ್ಲಿ, ಬರಿಯ ಎಳೆತ ಮಾಡಿದವರಿಗಿಂತ ಭಾರದ ವ್ಯಾಯಾಮ ಮಾಡಿದವರು ಎಷ್ಟೋ ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು ಎನ್ನುವುದನ್ನೂ ಹೇಳಬೇಕು. ಅಂದರೆ ಭಾರದ ವ್ಯಾಯಾಮ ಪವಾಡವಲ್ಲ, ದಾರಿಯನ್ನು ಮೊಟಕು ಮಾಡುತ್ತದೆ.

ಮೆಟ್ಟಿಲಿನ ಅಂಚಿನಲ್ಲಿ ನಿಂತು, ಒಂದು ಟವೆಲನ್ನು ಸುರುಳಿ ಸುತ್ತಿ ಬೆರಳುಗಳ ಕೆಳಗೆ ಇಡಿ. ಬೆರಳುಗಳು ಮೇಲಕ್ಕೆ ಬಾಗಿರಬೇಕು. ಅದೇ ಹೆಬ್ಬೆರಳು ಎತ್ತಿದ ಪ್ರಯೋಗ, ಈಗ ಮೈಭಾರದೊಂದಿಗೆ. ಕೈಗೆ ಗೋಡೆಯೋ ಕಂಬಿಯೋ ಆಸರೆ ಇರಲಿ. ಮೂರು ಎಣಿಸುತ್ತಾ ಹಿಮ್ಮಡಿ ಮೇಲೆತ್ತಿ, ಎರಡು ಎಣಿಸುವವರೆಗೆ ಮೇಲೆ ನಿಂತು, ಮೂರು ಎಣಿಸುತ್ತಾ ಕೆಳಗಿಳಿಸಿ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಆ ಪರೀಕ್ಷೆಯಲ್ಲಿ ಒಂದೇ ಕಾಲಿನಲ್ಲಿ ಮಾಡಿಸಿದ್ದರು. ನನ್ನಂಥವರು ಎರಡೂ ಕಾಲಿನಲ್ಲಿ ಶುರು ಮಾಡಬೇಕು. ಸುಲಭವಾದಾಗ ಒಂದು ಕಾಲು, ಅದೂ ಸುಲಭವಾದಾಗ ಬೆನ್ನಿಗೆ ಪುಸ್ತಕ ತುಂಬಿದ ಚೀಲ. ಮಾಡುವಾಗ ಸ್ವಲ್ಪ ನೋಯುತ್ತದೆ, ಹೆದರಬೇಕಿಲ್ಲ. ಮರುದಿನದ ಮೊದಲ ಹೆಜ್ಜೆಯನ್ನು ಕೇಳಿ. ದಿನ ಬಿಟ್ಟು ದಿನ ಎಂದದ್ದನ್ನು ಉತ್ಸಾಹದಲ್ಲಿ ದಿನವೂ ಮಾಡಬೇಡಿ, ನಡುವಿನ ದಿನದಲ್ಲೇ ನಾರು ತನ್ನ ಕೆಲಸ ಮಾಡಿಕೊಳ್ಳುವುದು.

ನೆಲ, ಚಪ್ಪಲಿ

ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಬರುವುದು ನಮ್ಮ ರೂಢಿ. ಆ ರೂಢಿ ಬೆಳೆದದ್ದು ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ. ಈಗ ಅಡುಗೆಮನೆಯಿಂದ ದೇವರ ಕೋಣೆಯವರೆಗೆ ಗ್ರಾನೈಟು, ವಿಟ್ರಿಫೈಡ್ ಟೈಲ್ಸು. ದೋಸೆ ಹೊಯ್ಯುತ್ತಾ ಒಂದು ಗಂಟೆ ಬರಿಗಾಲಲ್ಲಿ ನಿಂತರೆ ಹಿಮ್ಮಡಿ ತಾನೇ ಸಾಕ್ಷಿ ಹೇಳುತ್ತದೆ. ನೋವಿರುವಷ್ಟು ಕಾಲ ಮನೆಯೊಳಗೆ ಬೇರೆಯೇ ಒಂದು ಜತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಅಡುಗೆಮನೆಗೆ ಚಪ್ಪಲಿಯೇ ಎಂದು ಹುಬ್ಬೇರಿಸುವವರಿದ್ದರೆ ಒಲೆಯ ಮುಂದೆ ದಪ್ಪ ಮ್ಯಾಟು ಹಾಕಿಕೊಳ್ಳಬಹುದು. ನಮ್ಮ ಮನೆಯಲ್ಲಿ ಅಂತಿಮವಾಗಿ ಆದ ಒಪ್ಪಂದ ಅದು.

ಹೊರಗೆ ಹಾಕುವ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೆರಳು ಬಾಗುವ ಕಡೆ ಬಾಗಬೇಕು. ನಡುವಿನಲ್ಲೇ ಮಡಚಿಕೊಂಡರೆ ಅದು ಕಮಾನಿಗೆ ಆಸರೆ ಕೊಡುತ್ತಿಲ್ಲ. ಹಿಮ್ಮಡಿ ತೇದು ಹಾಳೆಯಾಗಿರುವ ಹವಾಯಿ ಚಪ್ಪಲಿಯ ಬಗ್ಗೆ ಹೇಳುವುದೇ ಬೇಡ.

ಯಾರು ತಡೆಯಬೇಕು

ಸಕ್ಕರೆ ಕಾಯಿಲೆ ಇರುವವರು ಈ ಲೇಖನದ ಇಟ್ಟಿಗೆ, ಬಿಸಿನೀರು, ಹೆಪ್ಪುಗಟ್ಟಿದ ಬಾಟಲಿ ಯಾವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಪಾದದ ನರಗಳು ಮಂಕಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ, ಒತ್ತಿ ಗಾಯವಾದದ್ದೂ ತಿಳಿಯುವುದಿಲ್ಲ. 'ಸುಡುತ್ತದೆ ಅನ್ನಿಸಿದರೆ ಎತ್ತು' ಎನ್ನುವ ಅತ್ತೆಯ ಮಾತಿನ ಬಲವೆಲ್ಲ ಅನ್ನಿಸುವುದರಲ್ಲಿದೆ. ಅತ್ತೆಗೇ ಈಗ ಸಕ್ಕರೆ ಕಾಯಿಲೆ, ಇಟ್ಟಿಗೆ ಹಿತ್ತಲಿಗೆ ಹೋಗಿದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೊಡ್ಡ ಅಪಾಯ ಎನ್ನುವುದೂ ನೆನಪಿರಲಿ, ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚು.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒತ್ತಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಸುಕಿದಾಗ ತೀವ್ರವಾಗಿ ನೊಂದರೆ ಮೂಳೆಯಲ್ಲಿ ಬಿರುಕಿರುವ ಅನುಮಾನ ಬರಬೇಕು. ಉರಿ, ಜುಮುಜುಮು, ಮರಗಟ್ಟುವಿಕೆ ಇದ್ದರೆ ನರದ ತೊಂದರೆ. ಮಲಗಿದ್ದಾಗಲೂ ಬಿಡದ ನೋವು, ಜ್ವರ, ಕೆಂಪು, ಊತ ಇದ್ದರೆ ಕಾಯುವ ಮಾತೇ ಇಲ್ಲ. ಮೂವತ್ತರ ಒಳಗಿನವರಿಗೆ ಎರಡೂ ಹಿಮ್ಮಡಿ ನೋಯುತ್ತಾ, ಜತೆಗೆ ಬೆಳಗಿನ ಹೊತ್ತು ಸೊಂಟ, ಬೆನ್ನು ಗಂಟೆಗಟ್ಟಲೆ ಹಿಡಿದುಕೊಳ್ಳುತ್ತಿದ್ದರೆ ಅದು ಸಂಧಿವಾತದ ಒಂದು ಬಗೆಯಿರಬಹುದು, ವೈದ್ಯರಿಗೆ ಬೆನ್ನಿನ ವಿಷಯವನ್ನೂ ಹೇಳಿ. ನೋವು ಹಿಮ್ಮಡಿಯ ನಟ್ಟನಡುವೆ ಇದ್ದು, ಗಟ್ಟಿ ನೆಲದಲ್ಲಿ ನಡೆದಷ್ಟೂ ಹೆಚ್ಚುತ್ತಿದ್ದರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗಿರಬಹುದು. ಅದಕ್ಕೆ ಎಳೆತಕ್ಕಿಂತ ಮೆತ್ತನೆಯ ಪಾದರಕ್ಷೆ ಮುಖ್ಯ.

ಹಿಮ್ಮಡಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಕೆಲವು ವಾರ ನೋವು ಮಾಯವಾಗುವುದುಂಟು, ಆದರೆ ಪದೇ ಪದೇ ಕೊಟ್ಟರೆ ಪಟ್ಟಿ ಹರಿಯುವ, ಕೊಬ್ಬಿನ ಮೆತ್ತೆ ಸೊರಗುವ ಅಪಾಯವಿದೆ. ಟೇಪು ಸುತ್ತುವುದು, ರಾತ್ರಿ ಪಾದವನ್ನು ನೆಟ್ಟಗೆ ಹಿಡಿಯುವ ಕಟ್ಟು, ಯಂತ್ರದಿಂದ ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್ ಇವೆಲ್ಲ ಇವೆ, ಶಸ್ತ್ರಚಿಕಿತ್ಸೆ ಬೇಕಾಗುವವರು ತೀರಾ ಕೆಲವರು. ಬಹುತೇಕ ಜನ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುತ್ತಾರೆ. ಅದಕ್ಕೆ ಆರು ತಿಂಗಳು ಹಿಡಿಯಬಹುದು, ವರ್ಷವೂ ಹಿಡಿಯಬಹುದು.

ನನಗೆ ಬೆಳಗಿನ ಮೊಳೆ ಮೂರನೆಯ ತಿಂಗಳಲ್ಲಿ ಮುಳ್ಳಾಯಿತು, ಏಳನೆಯ ತಿಂಗಳಲ್ಲಿ ಇಲ್ಲವಾಯಿತು. ಕಳೆದ ಚಳಿಗಾಲ ಮಕ್ಕಳನ್ನು ಶ್ರವಣಬೆಳಗೊಳದ ಪ್ರವಾಸಕ್ಕೆ ಕರೆದುಕೊಂಡು ಹೋಗಿ, ಬರಿಗಾಲಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿದ ಮರುದಿನ ಹಿಮ್ಮಡಿ ಮತ್ತೆ ಮಾತನಾಡಿತು. ಈ ಸಲ ಗೋಡೆ ಹಿಡಿಯಲಿಲ್ಲ. ಮಂಚದ ಮೇಲೆಯೇ ಕುಳಿತು ಬೆರಳ ಬುಡ ಹಿಡಿದು ಹಿಂದಕ್ಕೆಳೆದು ಎಣಿಸತೊಡಗಿದೆ. ಒಂದು ಕಾಲಿನ ವ್ಯಾಯಾಮವನ್ನು ಎರಡು ಕಾಲಿಗೆ ಇಳಿಸಿದೆ, ಸಂಜೆ ಮೀನಖಂಡಕ್ಕೆ ಲಟ್ಟಣಿಗೆ. ಮೂರು ವಾರ ಹಿಡಿಯಿತು.